ಸಿಂಧುವಿನ ಮೌನ

ಮರಾಠಿ ರಂಗಭೂಮಿಯ ತವರು ಸಾಂಗಲಿ. ನೆರೆಯ ಮಿರಜಿನಲ್ಲಿ 1905ರಲ್ಲಿ ಶಕುಂತಲೆಯಾಗಿ ರಂಗವೇರಿದ ಬಾಲಗಂಧರ್ವರು 1919ರಲ್ಲಿ ಗಡ್ಕರಿಯವರ ‘ಏಕಚ್ ಪ್ಯಾಲಾ’ ನಾಟಕದ ಸಿಂಧುವಾದರು. ವಕೀಲ ಗಂಡ ಸುಧಾಕರ ಕುಡಿತಕ್ಕೆ ಬಲಿಯಾಗುತ್ತಾನೆ. ಸಿಂಧು ಕೂಲಿಗೆ ಹಿಟ್ಟು ಬೀಸಿ ಸಂಸಾರ ತೂಗಿಸುತ್ತಾಳೆ. ಕೊನೆಯುಸಿರಿನಲ್ಲೂ ಗಂಡನ ತಪ್ಪನ್ನು ಮುಚ್ಚುತ್ತಾಳೆ. ನೋಡಿದವರು ಕಣ್ಣೀರಿಟ್ಟರು, ಪತಿವ್ರತೆಯೆಂದು ಕೊಂಡಾಡಿದರು.

ನಮ್ಮ ಓಣಿಗಳಲ್ಲೂ ಸಿಂಧುಗಳಿದ್ದಾರೆ. ಕತ್ತಲಾದೊಡನೆ ಅಂಗಳದ ಹೆಜ್ಜೆಸದ್ದಿಗೆ ಅವರ ಎದೆ ನಡುಗುತ್ತದೆ. ಬೆಳಗಾದರೆ “ಅವರಿಗೆ ಮೈ ಸರಿಯಿಲ್ಲ” ಎಂದು ನೆರೆಯವರಿಗೆ ಸುಳ್ಳು ಹೇಳುತ್ತಾರೆ. ಮಕ್ಕಳೂ ಆ ಸುಳ್ಳನ್ನು ಕಲಿಯುತ್ತಾರೆ. “ಹೆಂಡತಿ ಸರಿಯಿದ್ದರೆ ಗಂಡ ಹೀಗಾಗುತ್ತಿದ್ದನೇ?” ಎಂದು ಕೇಳುವವರು ನಾವೇ ಅಲ್ಲವೇ?

ಕುಡಿತದ ಚಟ ಒಂದು ರೋಗ, ಅದಕ್ಕೆ ವೈದ್ಯರಿದ್ದಾರೆ. ಆಕೆಗೆ ನಮ್ಮ ಹೊಗಳಿಕೆ ಬೇಡ. “ತಪ್ಪು ನಿನ್ನದಲ್ಲ ಮಗಳೇ, ಮನೆಗೆ ಬಾ” ಎನ್ನುವ ತವರು ಬೇಕು.