ಏಳು ನಿಮಿಷದ ಸಿನಿಮಾ, ಒಂದು ಬೀದಿಯ ಪ್ರೇಕ್ಷಕರು

ಸಿಡ್ನಿ ನಗರದ ಡಾರ್ಲಿಂಗ್‌ಹರ್ಸ್ಟ್ ಬಡಾವಣೆಯಲ್ಲಿ, ವಿಕ್ಟೋರಿಯಾ ಸ್ಟ್ರೀಟಿನ ಟ್ರಾಪಿಕಾನಾ ಎಂಬ ಕಾಫಿ ಅಂಗಡಿ ನಟರು, ಬರಹಗಾರರು ಹೊತ್ತು ಕಳೆಯುವ ಅಡ್ಡಾ ಆಗಿತ್ತು. 1993ರಲ್ಲಿ ಜಾನ್ ಪೋಲ್ಸನ್ ಎಂಬ ನಟ ತಾನು ತೆಗೆದ ಕಿರುಚಿತ್ರವೊಂದನ್ನು ಅಲ್ಲಿಯೇ ಗೆಳೆಯರಿಗೆ ತೋರಿಸಿದ. ಚಿತ್ರದ ಹೆಸರು ‘ಸರ್ರಿ ಹಿಲ್ಸ್: 902 ಸ್ಪ್ರಿಂಗ್ ರೋಲ್’, ಸರ್ರಿ ಹಿಲ್ಸ್ ಎಂದರೆ ಪಕ್ಕದ ಬಡಾವಣೆ. ಇನ್ನೂರರಷ್ಟು ಮಂದಿ ಬಂದಿದ್ದರಂತೆ. ಮುಂದೆ ‘ಟ್ರಾಪ್‌ಫೆಸ್ಟ್’ ಎಂದು ಹೆಸರಾಗಿ, ಜಗತ್ತಿನ ಅತಿ ದೊಡ್ಡ ಕಿರುಚಿತ್ರೋತ್ಸವ ಎಂದು ತನ್ನನ್ನು ತಾನೇ ಕರೆದುಕೊಂಡ ಹಬ್ಬದ ಮೊದಲ ಸಂಜೆ ಅದು. ಇದನ್ನು ಪರಿಚಯಿಸುವವರು ಸಾಮಾನ್ಯವಾಗಿ ಕಾಫಿ ಅಂಗಡಿಯಿಂದ ಆರಂಭಿಸಿ ಲಕ್ಷ ಜನರ ಬಯಲಿಗೆ ಬಂದು ನಿಲ್ಲುತ್ತಾರೆ. ಗೆಲುವಿನ ಕಥೆಗೆ ಅದು ಸಹಜವಾದ ದಾರಿ. ಆದರೆ ನಮ್ಮ ಊರು, ನಮ್ಮ ಬಡಾವಣೆಗಳಲ್ಲಿ ಇಂಥದ್ದೊಂದು ಹಬ್ಬ ನಡೆಸಬಹುದೇ ಎಂದು ಯೋಚಿಸುವವರಿಗೆ ಲಕ್ಷ ಜನರ ಬಯಲಿಗಿಂತ ಆ ಕಾಫಿ ಅಂಗಡಿಯೇ ಹೆಚ್ಚು ಕಲಿಸುತ್ತದೆ. ಬಡಾವಣೆಯ ಚಿತ್ರೋತ್ಸವವನ್ನು ದೊಡ್ಡ ಚಿತ್ರೋತ್ಸವದ ಪುಟ್ಟ ರೂಪವೆಂದು ತಿಳಿಯುವುದೇ ತಪ್ಪು. ದೊಡ್ಡ ಉತ್ಸವ ಎಲ್ಲೋ ತಯಾರಾದ ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸಿ ತೋರಿಸುತ್ತದೆ. ಬಡಾವಣೆಯ ಉತ್ಸವ ಇಲ್ಲದ ಚಿತ್ರಗಳನ್ನು ಹುಟ್ಟಿಸುತ್ತದೆ, ಜೊತೆಗೆ ಅವುಗಳನ್ನು ನೋಡಬಲ್ಲ ಒಂದು ಸಭೆಯನ್ನೂ ಕಟ್ಟುತ್ತದೆ.

ಇದು ಹೇಗೆಂದು ತಿಳಿಯಲು ಟ್ರಾಪ್‌ಫೆಸ್ಟ್ ತನಗೆ ಹಾಕಿಕೊಂಡ ಕಟ್ಟಳೆಗಳನ್ನು ನೋಡಬೇಕು. ಚಿತ್ರ ಏಳು ನಿಮಿಷ ಮೀರಬಾರದು. ಬೇರೆಲ್ಲೂ ಪ್ರದರ್ಶನಗೊಂಡಿರಬಾರದು. ಮೂರನೆಯದು ಎಲ್ಲಕ್ಕಿಂತ ಜಾಣತನದ್ದು: ಹಬ್ಬದವರು ಪ್ರತಿ ವರ್ಷ ಒಂದು ವಸ್ತುವನ್ನು ಹೆಸರಿಸುತ್ತಾರೆ, ಅದು ಚಿತ್ರದಲ್ಲಿ ಎಲ್ಲಾದರೂ ಕಾಣಿಸಿಕೊಳ್ಳಲೇಬೇಕು. 1994ರಲ್ಲಿ ಅದು ಮಫಿನ್, 1995ರಲ್ಲಿ ಕಾಫಿ ಬೀಜ, 1996ರಲ್ಲಿ ಟೀ ಚಮಚ. ಚಿತ್ರ ಈ ಹಬ್ಬಕ್ಕೆಂದೇ ತೆಗೆದದ್ದು, ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಹಳೆಯ ಸರಕಲ್ಲ ಎಂಬುದಕ್ಕೆ ಪುರಾವೆಯಾಗಿ ಈ ನಿಯಮ ಬಂತು. ಪುರಾವೆಗಿಂತ ದೊಡ್ಡ ಕೆಲಸವನ್ನೇ ಅದು ಮಾಡಿತು. ಏನು ಬೇಕಾದರೂ ತೆಗೆಯಿರಿ ಎಂದರೆ ಹೊಸಬರ ಕೈಕಾಲು ಆಡುವುದಿಲ್ಲ. ಒಂದು ಟೀ ಚಮಚ ತೋರಿಸಿ ಎಂದರೆ ತಲೆ ಓಡತೊಡಗುತ್ತದೆ. ನಮ್ಮ ಅವಧಾನಿಗಳಿಗೆ ಕೊಡುವ ಸಮಸ್ಯಾಪೂರಣದ ಹಿಂದಿರುವುದೂ ಇದೇ ತರ್ಕ. ಕಟ್ಟು ಬಿಗಿಯಾದಷ್ಟೂ ಕಲ್ಪನೆ ಚುರುಕಾಗುತ್ತದೆ. ಏಳು ನಿಮಿಷದ ಮಿತಿ ಖರ್ಚನ್ನು ಹಿಡಿತದಲ್ಲಿಟ್ಟಿತು, ಕೊನೆಯ ದಿನಾಂಕ ಸೋಮಾರಿತನವನ್ನು ಹಿಡಿತದಲ್ಲಿಟ್ಟಿತು. ವರ್ಷಾನುಗಟ್ಟಲೆ ‘ಒಂದು ಸಿನಿಮಾ ಮಾಡಬೇಕು’ ಎನ್ನುತ್ತಲೇ ಕುಳಿತವರನ್ನು ಎಬ್ಬಿಸಲು ಇಷ್ಟು ಸಾಕಾಯಿತು. ಈ ವಸ್ತುಗಳ ಪಟ್ಟಿಯಲ್ಲಿ ಇನ್ನೊಂದು ಸಂಗತಿಯಿದೆ. ಮೊದಲ ಮೂರೂ ಕಾಫಿ ಅಂಗಡಿಯ ಮೇಜಿನ ಮೇಲೆ ಸಿಗುವಂಥವು. ಮುಂದೆ ಪೋಸ್ಟ್‌ಕಾರ್ಡ್, ಮುತ್ತು, ಸೀನು, ದಾಳ ಎಂದು ಸಾಗಿ, ಒಂದು ವರ್ಷ ‘ಬದಲಾವಣೆ’ ಎಂಬ ಮುಟ್ಟಲಾಗದ ಪದಕ್ಕೂ ಬಂದು ತಲುಪಿತು. ಹಬ್ಬ ತನ್ನ ಬೀದಿಯಿಂದ ದೂರವಾಗುತ್ತಾ ಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ಎಲ್ಲರೂ ಊಹಿಸಬಹುದಾದದ್ದು. ಈಗ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ, ತೆಗೆದದ್ದನ್ನು ಯೂಟ್ಯೂಬಿಗೆ ಹಾಕಿದರೆ ಅಮೆರಿಕದಲ್ಲಿರುವ ಅಣ್ಣನೂ ನೋಡುತ್ತಾನೆ. ಹೀಗಿರುವಾಗ ಶಾಮಿಯಾನ ಹಾಕಿ, ಕುರ್ಚಿ ಬಾಡಿಗೆಗೆ ತಂದು, ನೂರು ಜನರನ್ನು ಕೂಡಿಸುವ ಗೊಡವೆ ಯಾಕೆ? ಮೊಬೈಲಿನ ಶಕ್ತಿಯನ್ನು ಅಲ್ಲಗಳೆಯಬೇಕಾದ್ದಿಲ್ಲ. ಜೇಸನ್ ವ್ಯಾನ್ ಗೆಂಡರೆನ್ ಅವರ ‘ಮ್ಯಾನ್‌ಕೈಂಡ್ ಈಸ್ ನೋ ಐಲ್ಯಾಂಡ್’ ಸಿಡ್ನಿ ಮತ್ತು ನ್ಯೂಯಾರ್ಕಿನ ಬೀದಿಗಳ ನಾಮಫಲಕಗಳಲ್ಲಿರುವ ಪದಗಳನ್ನೇ ಜೋಡಿಸಿ ಮನೆಯಿಲ್ಲದವರ ಬಗ್ಗೆ ಮಾತಾಡುವ ಚಿತ್ರ. ಪೂರ್ತಿ ಮೊಬೈಲಿನಲ್ಲಿ ತೆಗೆದದ್ದು. 2008ರಲ್ಲಿ, ಅಂದರೆ ಮೊಬೈಲ್ ಸಿನಿಮಾ ಎಂದರೆ ಜನ ನಗುತ್ತಿದ್ದ ಕಾಲದಲ್ಲಿ, ಅದು ಟ್ರಾಪ್‌ಫೆಸ್ಟ್‌ನ ನ್ಯೂಯಾರ್ಕ್ ಆವೃತ್ತಿಯನ್ನು ಗೆದ್ದಿತು. ಆದರೆ ತಯಾರಿಕೆ ಅಗ್ಗವಾದಾಗ ಕೊರತೆ ಬೇರೆ ಕಡೆಗೆ ಸರಿಯುತ್ತದೆ. ಇಂದು ಕೊರತೆಯಿರುವುದು ಕ್ಯಾಮೆರಾಕ್ಕಲ್ಲ, ಕೊನೆಯವರೆಗೂ ಕುಳಿತು ನೋಡುವವರಿಗೆ. ಯೂಟ್ಯೂಬಿನಲ್ಲಿ ಬೇಸರವಾದ ಪ್ರೇಕ್ಷಕ ಬೆರಳು ಸರಿಸಿ ಮುಂದೆ ಹೋಗುತ್ತಾನೆ. ಯಾವ ಕ್ಷಣದಲ್ಲಿ ಹೋದ ಎಂಬುದು ಗ್ರಾಫಿನಲ್ಲಿ ಸಿಕ್ಕೀತು, ಯಾಕೆ ಹೋದ ಎಂಬುದು ಸಿಗದು. ಶಾಮಿಯಾನದ ಕೆಳಗೆ ಎಲ್ಲರ ಮುಂದೆ ಎದ್ದು ಹೋಗುವುದು ಅಷ್ಟು ಸುಲಭವಲ್ಲ. ತಾನು ನಗಿಸಬೇಕೆಂದು ಬಯಸಿದ ಕಡೆ ಸಭೆ ಕೆಮ್ಮಿದ್ದನ್ನು, ತಾನು ಎಣಿಸದ ಕಡೆ ಅಜ್ಜಿಯೊಬ್ಬರು ನಿಟ್ಟುಸಿರು ಬಿಟ್ಟದ್ದನ್ನು ನಿರ್ದೇಶಕ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾನೆ. ಸಂಕಲನದ ಪಾಠವನ್ನು ಇಷ್ಟು ಕಡಿಮೆ ಶುಲ್ಕಕ್ಕೆ ಯಾವ ಫಿಲ್ಮ್ ಇನ್‌ಸ್ಟಿಟ್ಯೂಟೂ ಹೇಳಿಕೊಡುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸ್ಥಳೀಯರ ಚಿತ್ರ ಎಂದರೆ ಅರೆಬೆಂದ ಚಿತ್ರ; ನೆರೆಯವರು, ನೆಂಟರು ಕೂತು ಚಪ್ಪಾಳೆ ತಟ್ಟುವ ಕಡೆ ವಿಮರ್ಶೆಗೆ ಜಾಗವಿಲ್ಲ, ಅಂಥ ಮೆಚ್ಚುಗೆ ಕಲಾವಿದನನ್ನು ಬೆಳೆಸುವ ಬದಲು ಹಾಳುಮಾಡುತ್ತದೆ ಎಂಬುದು ಅದರ ಸಾರ. ಅರ್ಧ ನಿಜ. ಒಂದು ಬಡಾವಣೆಯಿಂದ ಬರುವ ಇಪ್ಪತ್ತು ಚಿತ್ರಗಳಲ್ಲಿ ಹದಿನೈದು ಸಾಧಾರಣವಾಗಿಯೇ ಇರುತ್ತವೆ. ಬೇರೆ ರೀತಿ ನಿರೀಕ್ಷಿಸುವುದು ಭ್ರಮೆ. ಆದರೆ ಹತ್ತಿರದವರು ಮೃದು ವಿಮರ್ಶಕರು ಎಂಬ ಮಾತು ಅಷ್ಟು ಸರಿಯಲ್ಲ. ಬಡಾವಣೆಯ ಹಾಲಿನ ಬೂತಿನಲ್ಲಿ ಚಿತ್ರೀಕರಿಸಿದ ದೃಶ್ಯದಲ್ಲಿ ಸುಳ್ಳಿದ್ದರೆ ಅದನ್ನು ಮೊದಲು ಹಿಡಿಯುವವರು ಅಲ್ಲಿ ದಿನವೂ ಹಾಲು ಕೊಳ್ಳುವವರೇ. ದೂರದ ತೀರ್ಪುಗಾರರಿಗೆ ಪೀಣ್ಯದ ಕಾರ್ಮಿಕನ ಮಾತಿನ ಧಾಟಿ ಮಂಡ್ಯದ್ದೋ ಕಲಬುರಗಿಯದ್ದೋ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ, ಅವರು ಮುಲಾಜಿಲ್ಲದೆ ಹೇಳಿಯೂ ಬಿಡುತ್ತಾರೆ. ಸಭೆಯ ಅಭಿರುಚಿಯೂ ಹುಟ್ಟಿನಿಂದ ಬರುವಂಥದ್ದಲ್ಲ, ರೂಢಿಯಿಂದ ಬೆಳೆಯುವಂಥದ್ದು. ಅದಕ್ಕೆ ಹೊರದೇಶದ ಸಾಕ್ಷಿ ಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಜನ ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ಕೂತು ನೋಡಿದರು, ಜಗಳವಾಡಿದರು. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತವೆಯೇ ಎಂದು ಕೇಳಿದ ಪಟ್ಟಣದವರಿಗೆ ಅಲ್ಲಿ ಉತ್ತರ ಸಿಕ್ಕಿತು. ಹೆಗ್ಗೋಡಿಗೆ ಆಗ ಸಾಧ್ಯವಾಗದೆ ಉಳಿದದ್ದು ಒಂದೇ: ತನ್ನ ಚಿತ್ರಗಳನ್ನು ತಾನೇ ತೆಗೆಯುವುದು. ನಾಟಕವನ್ನು ಊರಿನವರೇ ಆಡಬಹುದಿತ್ತು, ಸಿನಿಮಾವನ್ನು ಮಾತ್ರ ಡಬ್ಬಿಗಳಲ್ಲಿ ತರಿಸಬೇಕಿತ್ತು, ಏಕೆಂದರೆ ಫಿಲ್ಮ್ ಸುರುಳಿಯ ಬೆಲೆ ಹಾಗಿತ್ತು. ಆ ಅಡ್ಡಿ ಈಗ ಇಲ್ಲ. ಸಭೆ ಕಟ್ಟುವ ವಿದ್ಯೆ ನಮ್ಮಲ್ಲಿ ಐವತ್ತು ವರ್ಷಗಳಿಂದ ಇದೆ, ಚಿತ್ರ ತೆಗೆಯುವ ಸಾಧನ ಜೇಬಿನಲ್ಲಿದೆ. ಎರಡನ್ನೂ ಕೂಡಿಸುವ ಕೆಲಸ ಮಾತ್ರ ಬಾಕಿ.

ಮತ್ತೆ ಸಿಡ್ನಿಗೆ ಬರೋಣ. ಹಬ್ಬ ಅಂಗಡಿಯಿಂದ ಬೀದಿಗೆ ಬಂತು, ಬೀದಿಯಿಂದ ಪಾರ್ಕಿಗೆ, ಅಲ್ಲಿಂದ ನಗರದ ನಡುವಿನ ಡೊಮೇನ್ ಎಂಬ ವಿಶಾಲ ಬಯಲಿಗೆ. ಟಿವಿಯಲ್ಲಿ ನೇರಪ್ರಸಾರ ಬಂತು, ಪ್ರಾಯೋಜಕರು ಬಂದರು, ಹೆಸರಾಂತ ನಟರು ತೀರ್ಪುಗಾರರಾಗಿ ಕೂತರು. ಜೋಯಲ್ ಮತ್ತು ನ್ಯಾಷ್ ಎಡ್ಜರ್ಟನ್ ಸೋದರರು, ರೆಬೆಲ್ ವಿಲ್ಸನ್ ಮುಂತಾದವರ ಆರಂಭದ ಕೆಲಸ ಈ ಪರದೆಯ ಮೇಲೆ ಕಂಡಿತು. ಇದನ್ನೆಲ್ಲ ಕಡೆಗಣಿಸುವುದು ಅನ್ಯಾಯವಾದೀತು. ಆದರೆ ಬಯಲಿನಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿಕೊಂಡು ಕೂತ ಅಷ್ಟು ದೊಡ್ಡ ಜನಸಂದಣಿಗೆ ಯಾವ ಚಿತ್ರ ತಲುಪುತ್ತದೆ? ಜೋರಾಗಿ ನಗಿಸುವುದು, ಕೊನೆಯಲ್ಲಿ ಒಂದು ತಿರುವು ಇರುವುದು. ಟ್ರಾಪ್‌ಫೆಸ್ಟ್ ಚಿತ್ರಗಳೆಂದರೆ ಉದ್ದ ಮಾಡಿದ ನಗೆಚಟಾಕಿಗಳು ಎಂಬ ದೂರನ್ನು ಆಸ್ಟ್ರೇಲಿಯಾದ ವಿಮರ್ಶಕರು ಬಹಳ ಕಾಲದಿಂದ ಹೇಳುತ್ತಾ ಬಂದರು. ಡಿಸೆಂಬರ್ 2013ರ ಹಬ್ಬದಲ್ಲಿ ಗೆದ್ದ ‘ಬ್ಯಾಂಬೂಜಲ್ಡ್’ ಚಿತ್ರದ ಕೊನೆಯ ತಿರುವು ಸಲಿಂಗಿಗಳನ್ನೂ ಲಿಂಗಪರಿವರ್ತಿತರನ್ನೂ ಗೇಲಿ ಮಾಡುತ್ತದೆ ಎಂದು ದೊಡ್ಡ ಗಲಾಟೆಯೇ ಆಯಿತು. ಚಿತ್ರದ ಉದ್ದೇಶವೇ ಬೇರೆಯಿತ್ತು ಎಂದು ನಿರ್ದೇಶಕರು ಸಮರ್ಥಿಸಿಕೊಂಡರು. ಯಾರು ಸರಿ ಎಂಬುದನ್ನು ಬಿಡೋಣ. ಆ ವಾದ ನಡೆದದ್ದು ಪತ್ರಿಕೆಗಳಲ್ಲಿ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ, ಚಿತ್ರ ನೋಡಿದವರ ಮತ್ತು ತೆಗೆದವರ ನಡುವೆ ಅಲ್ಲ. ಇನ್ನೂರು ಮಂದಿಯ ಅಂಗಡಿಯಲ್ಲಾಗಿದ್ದರೆ ಯಾರಾದರೂ ಎದ್ದು ನಿಂತು ಕೇಳುತ್ತಿದ್ದರು.

ಹಣದ ಪಾಡೂ ಹಾಗೆಯೇ. 2015ರ ನವೆಂಬರಿನಲ್ಲಿ, ಹಬ್ಬಕ್ಕೆ ಕೆಲವೇ ವಾರಗಳಿದ್ದಾಗ, ದುಡ್ಡಿಲ್ಲವೆಂದು ರದ್ದುಮಾಡಬೇಕಾಯಿತು. ಒಂದು ವಿಮಾ ಕಂಪನಿ ಕೈಹಿಡಿದದ್ದರಿಂದ ಮುಂದಿನ ಫೆಬ್ರುವರಿಯಲ್ಲಿ ಸೆಂಟೆನಿಯಲ್ ಪಾರ್ಕಿನಲ್ಲಿ ಹೇಗೋ ನಡೆಯಿತು. 2017ರಲ್ಲಿ ನಗರದ ಪಶ್ಚಿಮದ ಪ್ಯಾರಮಟ್ಟಾಕ್ಕೆ ಹೋಯಿತು, 2019ರ ನಂತರ ನಿಂತಿತು, 2026ಕ್ಕೆ ಮತ್ತೆ ಬರುತ್ತೇವೆಂದು ಘೋಷಿಸಿತು. ಒಂದು ಕಾಫಿ ಅಂಗಡಿಯ ಗೋಡೆಗೆ ಚಿತ್ರ ಹಾಯಿಸಲು ವಿಮಾ ಕಂಪನಿ ಬೇಕಾಗುವುದಿಲ್ಲ. ಹಬ್ಬ ಹಿಗ್ಗಿದ್ದೇ ಅದರ ದೌರ್ಬಲ್ಯವಾಯಿತು ಎಂದು ನನಗನ್ನಿಸುತ್ತದೆ.

ಹಾಗಾದರೆ ಬೆಳೆಯಲೇಬಾರದೇ? ಸಣ್ಣದಾಗಿಯೇ ಉಳಿಯಿರಿ ಎಂಬ ಉಪದೇಶ, ಸಾಧ್ಯತೆ ಇಲ್ಲದವರಿಗೆ ಸಮಾಧಾನ ಹೇಳಿದಂತೆ ಕೇಳಿಸಬಹುದು. ಇದಕ್ಕೆ ಉತ್ತರ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. 1999ರಲ್ಲಿ ಕ್ರಿಸ್ಟಿಯಾನ್ ಲೊರಾನ್ಸ್ ಮತ್ತು ಗೆಳೆಯರು ಒಂದು ತಮಾಷೆಯ ಪಂಥ ಕಟ್ಟಿದರು: 2000ದ ಜನವರಿ 1ಕ್ಕೆ ಜಗತ್ತು ಮುಳುಗುತ್ತದೆ ಎನ್ನುತ್ತಾರಲ್ಲ, ಅಲ್ಲಿಯವರೆಗೆ ತಿಂಗಳಿಗೊಂದು ಚಿತ್ರ ತೆಗೆದು ಒಬ್ಬರಿಗೊಬ್ಬರು ತೋರಿಸೋಣ. ಜಗತ್ತು ಮುಳುಗಲಿಲ್ಲ, ಪ್ರದರ್ಶನ ನಿಲ್ಲಲಿಲ್ಲ. ‘ಕೀನೋ’ ಎಂಬ ಹೆಸರಿನ ಈ ಕೂಟ ದೊಡ್ಡ ಮೈದಾನವನ್ನು ಹುಡುಕಲಿಲ್ಲ. ಬಾಳೆ ಬುಡದಲ್ಲಿ ಕಂದು ಒಡೆಯುವ ಹಾಗೆ ಬೇರೆ ಬೇರೆ ದೇಶಗಳ ನಗರಗಳಲ್ಲಿ ಪುಟ್ಟ ಘಟಕಗಳಾಗಿ ಹುಟ್ಟಿಕೊಂಡಿತು. ಪ್ರತಿ ಘಟಕಕ್ಕೂ ಅದರದೇ ಪ್ರದರ್ಶನ, ಅದರದೇ ಪ್ರೇಕ್ಷಕರು. 2001ರಿಂದ ಅವರು ನಡೆಸುವ ‘ಕಬಾರೆ’ಗಳಲ್ಲಿ ಊರೂರಿನಿಂದ ಬಂದವರು ಎರಡು ಮೂರು ದಿನಗಳಲ್ಲಿ ಚಿತ್ರ ಬರೆದು, ತೆಗೆದು, ಕತ್ತರಿಸಿ, ಅಲ್ಲೇ ತೋರಿಸುತ್ತಾರೆ. ಇಂದು ನಿರ್ದೇಶಕನಾದವ ನಾಳೆ ಇನ್ನೊಬ್ಬರ ಚಿತ್ರಕ್ಕೆ ಮೈಕ್ ಹಿಡಿಯುತ್ತಾನೆ. ಬಹುಮಾನದ ಹಂಗಿಲ್ಲ. ಜರ್ಮನಿಯ ಓಬರ್‌ಹೌಸನ್‌ನಂಥ ಉಕ್ಕು, ಕಲ್ಲಿದ್ದಲಿನ ಊರಿನಲ್ಲಿ 1954ರಿಂದ ನಡೆದುಬಂದ ಉತ್ಸವ ಜಾಗತಿಕ ಹೆಸರು ಗಳಿಸಿದ್ದು, 1962ರಲ್ಲಿ ಅಲ್ಲಿಯೇ 26 ಯುವಕರು ಸಹಿ ಹಾಕಿದ ಘೋಷಣೆಯಿಂದ ಜರ್ಮನ್ ಸಿನಿಮಾದ ದಿಕ್ಕೇ ಬದಲಾದದ್ದು ಎಲ್ಲವೂ ಸರಿ. ಆದರೆ ನಮ್ಮ ಬಡಾವಣೆಗೆ ಮಾದರಿಯಾಗಬಲ್ಲದ್ದು ಕೀನೋ ಎಂಬುದು ನನ್ನ ಎಣಿಕೆ. ಜಯನಗರದ ಹಬ್ಬ ಅರಮನೆ ಮೈದಾನಕ್ಕೆ ಹೋಗುವ ಬದಲು, ಧಾರವಾಡದ ಸಪ್ತಾಪುರದಲ್ಲಿ, ಮಂಗಳೂರಿನ ಕದ್ರಿಯಲ್ಲಿ ಇನ್ನೊಂದೊಂದು ಹುಟ್ಟಿದರೆ ಅದೇ ಬೆಳವಣಿಗೆ.

ಕಿರುಚಿತ್ರವನ್ನು ದೊಡ್ಡ ಚಿತ್ರಕ್ಕೆ ಮೆಟ್ಟಿಲು ಎಂದು ಮಾತ್ರ ನೋಡುವವರು ಇದನ್ನು ಒಪ್ಪಲಾರರು. ಅವರ ಬಳಿ ಸಾಕ್ಷ್ಯವೂ ಇದೆ. ತಮಿಳಿನ ಕಲೈಞರ್ ಟಿವಿಯ ‘ನಾಳೈಯ ಇಯಕ್ಕುನರ್’ ಕಿರುಚಿತ್ರ ಸ್ಪರ್ಧೆಯಿಂದ ಬಂದ ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸ್ವಾಮಿ ಮೊದಲಾದವರು ಕೆಲವೇ ವರ್ಷಗಳಲ್ಲಿ ತಮಿಳು ಚಿತ್ರರಂಗದ ಚಹರೆಯನ್ನೇ ಬದಲಿಸಿದರು. ನಮ್ಮಲ್ಲೇ ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ, ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಗೇ ಆಗದೆ ಹೋದ ಜನಪದ ಕಥೆಯನ್ನು ಹದಿನಾರು ನಿಮಿಷದ ಕನ್ನಡ ಚಿತ್ರವಾಗಿಸಿ 2024ರ ಕಾನ್ ಉತ್ಸವದಲ್ಲಿ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಪಡೆದರು. 2010ರಿಂದ ನಡೆಯುತ್ತಿರುವ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದ ಗೆಲುವು ಆ ಚಿತ್ರಕ್ಕೆ ಆಸ್ಕರ್ ಸ್ಪರ್ಧೆಯ ಬಾಗಿಲು ತೆರೆಯಿತು. ಅಂಥ ಉತ್ಸವಗಳು ಬೇಕೇ ಬೇಕು. ಆದರೆ ಮೆಟ್ಟಿಲು ಹತ್ತುವವರು ಕೆಲವರು. ವರ್ಷಕ್ಕೊಂದು ಚಿತ್ರ ತೆಗೆದು, ಬ್ಯಾಂಕಿನಲ್ಲೋ ಶಾಲೆಯಲ್ಲೋ ತಮ್ಮ ಕೆಲಸ ಮುಂದುವರಿಸುವವರು ಹಲವರು. ಹವ್ಯಾಸಿ ರಂಗಭೂಮಿಯನ್ನು ಯಾರೂ ವೃತ್ತಿನಾಟಕಕ್ಕೆ ತಯಾರಿ ಎಂದು ಅಳೆಯುವುದಿಲ್ಲ. ಹವ್ಯಾಸಿ ಸಿನಿಮಾಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ಇನ್ನು ನಡೆಸುವವರಿಗೆ ಎದುರಾಗುವ ನಿಜವಾದ ತೊಡಕುಗಳು. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಉತ್ಸವಗಳು ಕೇಂದ್ರದ ವಾರ್ತಾ ಇಲಾಖೆಯಿಂದ ವಿನಾಯಿತಿ ಕೇಳಬಹುದು, ಅದು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. 2017ರಲ್ಲಿ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವಕ್ಕೆ ಆಯ್ಕೆಯಾದ ಮೂರು ಚಿತ್ರಗಳಿಗೆ ವಿನಾಯಿತಿ ನಿರಾಕರಿಸಲಾಗಿತ್ತು. ಏಳು ನಿಮಿಷದ ಹವ್ಯಾಸಿ ಚಿತ್ರಕ್ಕೂ ಕೋಟಿ ರೂಪಾಯಿಯ ಚಿತ್ರಕ್ಕೂ ಒಂದೇ ಕಾಗದಪತ್ರ ಎಂಬುದು ವಿಚಿತ್ರ, ಆದರೂ ಅರ್ಜಿಯನ್ನು ಮುಂಚೆಯೇ ಹಾಕುವುದು ಕ್ಷೇಮ. ಹಿನ್ನೆಲೆಗೆ ಇಳಯರಾಜಾ ಹಾಡು ಹಾಕಿಬಿಡುವ ಚಟವನ್ನು ಹಕ್ಕುಸ್ವಾಮ್ಯದ ಹೆದರಿಕೆಯಿಂದಾದರೂ ಬಿಡಿಸಬೇಕು. ಬಡಾವಣೆಯಲ್ಲಿ ಒಬ್ಬ ಕೊಳಲು ನುಡಿಸುವವನಾದರೂ ಇದ್ದೇ ಇರುತ್ತಾನೆ. ಬಯಲಿನಲ್ಲಿ ತೋರಿಸುವುದಾದರೆ ಪೂರ್ತಿ ಕತ್ತಲಾಗಲು ಏಳು ಗಂಟೆ, ಧ್ವನಿವರ್ಧಕ ನಿಲ್ಲಿಸಬೇಕಾದ್ದು ಹತ್ತಕ್ಕೆ. ಉಳಿಯುವುದು ಮೂರು ಗಂಟೆ. ಹತ್ತು ನಿಮಿಷದ ಚಿತ್ರ, ನಂತರ ಐದು ನಿಮಿಷ ನಿರ್ದೇಶಕರೊಡನೆ ಮಾತು ಎಂದು ಲೆಕ್ಕ ಹಾಕಿದರೆ ಒಂದು ಸಂಜೆಗೆ ಹನ್ನೆರಡು ಚಿತ್ರ ಹಿಡಿಸುತ್ತವೆ. ಇಪ್ಪತ್ತು ಬಂದರೆ ಎಂಟನ್ನು ತೆಗೆದುಹಾಕಲು ಆಯ್ಕೆ ಸಮಿತಿ ಬೇಕು, ಸಮಿತಿ ಬಂದರೆ ಅದರಲ್ಲಿ ಯಾರಿರಬೇಕೆಂಬ ರಾಜಕೀಯ ಬರುತ್ತದೆ. ಅದಕ್ಕಿಂತ ಇನ್ನೊಂದು ಸಂಜೆಗೆ ಕುರ್ಚಿಗಳ ಬಾಡಿಗೆ ಕೊಡುವುದು ಅಗ್ಗ. ಅಧ್ಯಕ್ಷರ ಭಾಷಣ ಮತ್ತು ಶಾಲು ಹೊದಿಸುವ ಕಾರ್ಯಕ್ರಮಕ್ಕೆ ಈ ಲೆಕ್ಕದಲ್ಲಿ ಜಾಗ ಇಟ್ಟಿಲ್ಲ.