ಕಥೆ ಮುಗಿದಾಗ ಮುನಿದ ಆಟಗಾರರು

ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ಬಯೋವೇರ್ ಎಂಬ ವಿಡಿಯೊ ಗೇಮ್ ತಯಾರಿಸುವ ಕಂಪನಿಯಿದೆ. 2012ರಲ್ಲಿ ಒಂದು ದಿನ ಅದರ ಕಚೇರಿಗೆ ಸುಮಾರು 400 ಪುಟ್ಟ ಕೇಕುಗಳು ಬಂದವು. ಕೆಲವು ಕೇಕುಗಳ ಮೇಲೆ ಕೆಂಪು ಕೆನೆ, ಕೆಲವುಗಳ ಮೇಲೆ ಹಸಿರು, ಉಳಿದವುಗಳ ಮೇಲೆ ನೀಲಿ. ಬಣ್ಣ ಮೂರಾದರೂ ಯಾವುದನ್ನು ಕಚ್ಚಿದರೂ ರುಚಿ ಒಂದೇ. ಕಳಿಸಿದವರು ಕಂಪನಿಯ ಅಭಿಮಾನಿಗಳು. ತಾವು ಐದು ವರ್ಷ ಆಡಿದ ಆಟದ ಮುಕ್ತಾಯ ಹೇಗಿತ್ತು ಎಂಬುದನ್ನು ಅವರು ಹೀಗೆ ಕೇಕಿನ ಮೂಲಕ ತಿಳಿಸಿದ್ದರು. ಕಂಪನಿಯವರು ಆ ಕೇಕುಗಳನ್ನು ಊರಿನ ಯುವಜನರ ಆಶ್ರಯಧಾಮವೊಂದಕ್ಕೆ ಕೊಟ್ಟುಬಿಟ್ಟರು.

ವಿಡಿಯೊ ಗೇಮ್ ಎಂದರೆ ಮಕ್ಕಳ ಹೊತ್ತುಕಳೆಯುವ ಸಾಧನ ಎಂದು ತಿಳಿದವರಿಗೆ ಈ ಸುದ್ದಿ ತಮಾಷೆಯಾಗಿ ಕಂಡೀತು. ಆಟದ ಕೊನೆ ಸರಿಯಿಲ್ಲವೆಂದು ವಯಸ್ಸಿಗೆ ಬಂದವರು ಹೀಗೇಕೆ ಹಟ ಹಿಡಿಯಬೇಕು? ಆದರೆ ಆ ಗಲಾಟೆಯ ಒಳಹೊಕ್ಕು ನೋಡಿದರೆ ಹಳೆಯದೊಂದು ಪ್ರಶ್ನೆ ಎದುರಾಗುತ್ತದೆ. ಕಥೆ ಯಾರದು? ಹೇಳಿದವನದೋ, ಕೇಳಿದವನದೋ?

ಆಟಗಾರನೇ ನಾಯಕ

ಆ ಆಟದ ಹೆಸರು ಮಾಸ್ ಎಫೆಕ್ಟ್. ಮೊದಲ ಭಾಗ ಬಂದದ್ದು 2007ರ ನವೆಂಬರಿನಲ್ಲಿ, ಎರಡನೆಯದು 2010ರ ಜನವರಿಯಲ್ಲಿ, ಮೂರನೆಯದು 2012ರ ಮಾರ್ಚ್ 6ರಂದು. ಕಥೆ ನಡೆಯುವುದು 22ನೇ ಶತಮಾನದಲ್ಲಿ. ಮನುಷ್ಯರು ಆಕಾಶಗಂಗೆಯ ಇತರ ಜೀವಿಗಳ ಪರಿಚಯ ಮಾಡಿಕೊಂಡಿದ್ದಾರೆ. ಪ್ರತಿ 50,000 ವರ್ಷಗಳಿಗೊಮ್ಮೆ ಎಲ್ಲಿಂದಲೋ ಬಂದು, ಮುಂದುವರಿದ ನಾಗರಿಕತೆಗಳನ್ನೆಲ್ಲ ಕೊಯ್ದುಕೊಂಡು ಹೋಗುವ ರೀಪರ್ ಎಂಬ ದೈತ್ಯ ಯಂತ್ರಗಳು ಮತ್ತೆ ಬರುವ ಕಾಲ ಹತ್ತಿರವಾಗಿದೆ. ಅವುಗಳನ್ನು ತಡೆಯಲು ಹೊರಡುವ ಸೇನಾಧಿಕಾರಿ ಕಮಾಂಡರ್ ಶೆಪರ್ಡ್.

ಇಷ್ಟೇ ಆಗಿದ್ದರೆ ಇದು ನೂರರಲ್ಲಿ ಒಂದು ಬಾಹ್ಯಾಕಾಶದ ಕಥೆ. ವಿಶೇಷವಿದ್ದದ್ದು ಹೇಳುವ ಬಗೆಯಲ್ಲಿ. ಶೆಪರ್ಡ್ ಗಂಡೋ ಹೆಣ್ಣೋ, ಮುಖ ಹೇಗಿರಬೇಕು, ಮಾತು ಮೆದುವೋ ಒರಟೋ, ಎಲ್ಲವನ್ನೂ ತೀರ್ಮಾನಿಸುವವನು ಆಟಗಾರ. ದಾರಿಯುದ್ದಕ್ಕೂ ಅವನ ಮುಂದೆ ಕಠಿಣ ಆಯ್ಕೆಗಳು ಬರುತ್ತವೆ. ಮೊದಲ ಭಾಗದಲ್ಲಿ ಇಬ್ಬರು ಸಂಗಾತಿಗಳ ಪೈಕಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಾದ ಸನ್ನಿವೇಶವಿದೆ. ಇನ್ನೊಬ್ಬರು ಸಾಯಲೇಬೇಕು. ಸತ್ತವರು ಮುಂದಿನ ಭಾಗಗಳಲ್ಲಿ ಬರುವುದಿಲ್ಲ. ಆಟ ಎಲ್ಲಿಗೆ ನಿಂತಿತು, ಏನೇನಾಯಿತು ಎಂಬ ದಾಖಲೆಯನ್ನು ಯಂತ್ರ ಉಳಿಸಿಟ್ಟುಕೊಳ್ಳುತ್ತದೆ. ಇದನ್ನು ಆಟಗಾರರು ಸೇವ್ ಫೈಲ್ ಎನ್ನುತ್ತಾರೆ. ಮಾಸ್ ಎಫೆಕ್ಟ್‌ನಲ್ಲಿ ಒಂದನೇ ಭಾಗದ ಈ ದಾಖಲೆಯನ್ನು ಎರಡನೆಯದಕ್ಕೂ, ಅಲ್ಲಿಂದ ಮೂರನೆಯದಕ್ಕೂ ಒಯ್ಯಬಹುದಿತ್ತು. 2007ರಲ್ಲಿ ಕರುಣೆ ತೋರಿ ಬಿಟ್ಟ ಶತ್ರು 2012ರಲ್ಲಿ ಎದುರಿಗೆ ಬಂದು ಆ ಮಾತು ನೆನಪಿಸಬಹುದು.

ಮೂರೂ ಭಾಗಗಳನ್ನು ನಿಧಾನವಾಗಿ ಆಡಿದವರಿಗೆ ಸುಮಾರು ನೂರು ಗಂಟೆ ಬೇಕು. ಅಷ್ಟು ಹೊತ್ತು ಜೊತೆಗಿದ್ದ ಸಂಗಾತಿಗಳ ಸುಖದುಃಖ ಕೇಳಿ, ಅವರ ಜಗಳ ಬಿಡಿಸಿ, ಕೆಲವರನ್ನು ಕಳೆದುಕೊಂಡು ಬಂದವನಿಗೆ ಕಥೆ ತನ್ನದೇ ಅನ್ನಿಸದೆ ಇರುತ್ತದೆಯೇ? ನಿಮ್ಮ ಆಯ್ಕೆಗಳಿಗೆ ತಕ್ಕ ಫಲ ಕೊನೆಯಲ್ಲಿ ಸಿಗುತ್ತದೆ ಎಂದು ಕಂಪನಿಯೂ ಹೇಳುತ್ತ ಬಂದಿತ್ತು. ಅ, ಆ, ಇ ಎಂದು ಮೂರರಲ್ಲಿ ಒಂದನ್ನು ಆರಿಸುವಂಥ ಮುಕ್ತಾಯ ಇದಲ್ಲ ಎಂಬರ್ಥದ ಮಾತನ್ನು ನಿರ್ದೇಶಕ ಕೇಸಿ ಹಡ್ಸನ್ ಬಿಡುಗಡೆಗೆ ಮೊದಲು ಸಂದರ್ಶನದಲ್ಲಿ ಆಡಿದ್ದರು. ಆಮೇಲೆ ಅದೇ ಮಾತು ಅವರಿಗೆ ತಿರುಗುಬಾಣವಾಯಿತು.

ಮೂರು ಬಣ್ಣ, ಒಂದೇ ರುಚಿ

ಕೊನೆಯಲ್ಲಿ ಆದದ್ದೇನು? ಭೂಮಿಗಾಗಿ ಘೋರ ಯುದ್ಧ ನಡೆದು, ಮೈಯೆಲ್ಲ ಗಾಯವಾದ ಶೆಪರ್ಡ್ ಕೊನೆಯ ಘಟ್ಟ ತಲುಪಿದಾಗ ಮಗುವಿನ ರೂಪದ ಒಂದು ಆಕೃತಿ ಎದುರಾಗುತ್ತದೆ. ರೀಪರ್‌ಗಳನ್ನು ನಡೆಸುತ್ತಿರುವುದು ತಾನೇ ಎಂದು ಹೇಳುತ್ತದೆ. ಅದರ ವಾದ ಇಷ್ಟು: ಜೀವಿಗಳು ಯಂತ್ರಗಳನ್ನು ಸೃಷ್ಟಿಸುತ್ತವೆ, ಆ ಯಂತ್ರಗಳು ಕೊನೆಗೆ ಸೃಷ್ಟಿಸಿದವರನ್ನೇ ಮುಗಿಸುತ್ತವೆ, ಹಾಗಾಗದಂತೆ ಆಗಾಗ ಪೈರು ಕೊಯ್ದು ಹೊಸದಕ್ಕೆ ಜಾಗ ಮಾಡಿಕೊಡಬೇಕು. ಶೆಪರ್ಡ್ ಮುಂದೆ ಅದು ಮೂರು ದಾರಿಗಳನ್ನಿಡುತ್ತದೆ. ರೀಪರ್‌ಗಳನ್ನು ನಾಶ ಮಾಡುವುದು, ಅವುಗಳನ್ನು ತನ್ನ ಹತೋಟಿಗೆ ತೆಗೆದುಕೊಳ್ಳುವುದು, ಇಲ್ಲವೇ ಜೀವಿ ಮತ್ತು ಯಂತ್ರಗಳನ್ನು ಬೆಸೆದು ಒಂದಾಗಿಸುವುದು.

ಯಾವುದನ್ನು ಆರಿಸಿದರೂ ಮುಂದಿನ ಕೆಲವು ನಿಮಿಷಗಳ ದೃಶ್ಯ ಹೆಚ್ಚುಕಡಿಮೆ ಒಂದೇ. ಬೆಳಕೊಂದು ಸ್ಫೋಟಿಸಿ ಆಕಾಶಗಂಗೆಯನ್ನೆಲ್ಲ ಹಬ್ಬುತ್ತದೆ. ನಾಶಕ್ಕೆ ಕೆಂಪು, ಹತೋಟಿಗೆ ನೀಲಿ, ಬೆಸುಗೆಗೆ ಹಸಿರು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಇದ್ದ ದ್ವಾರಗಳು ಒಡೆದುಹೋಗುತ್ತವೆ. ಶೆಪರ್ಡ್‌ನ ಹಡಗು ಗೊತ್ತಿಲ್ಲದ ಗ್ರಹವೊಂದರಲ್ಲಿ ಬೀಳುತ್ತದೆ, ಕೆಲವರು ಹೊರಗೆ ಬರುತ್ತಾರೆ. ಅಲ್ಲಿಗೆ ಮುಗಿಯಿತು.

ಅಭಿಮಾನಿಗಳ ಸಿಟ್ಟಿಗೆ ನಾಯಕ ಸತ್ತದ್ದೇ ಕಾರಣವೆಂದು ಹಲವರು ಅಂದುಕೊಂಡರು. ಅದು ಪೂರ್ತಿ ನಿಜವಲ್ಲ. ಅವರ ತಕರಾರುಗಳಲ್ಲಿ ಮುಖ್ಯವಾದವು ಮೂರು. ಒಂದು, ಇಷ್ಟು ವರ್ಷ ಮಾಡಿದ ಆಯ್ಕೆಗಳು ಕೊನೆಗೆ ಏನಾದವು? ಮೂರನೇ ಭಾಗದಲ್ಲಿ ಮಿತ್ರಪಡೆ, ಹಡಗು, ಸ್ನೇಹ ಎಲ್ಲಕ್ಕೂ ಇಂತಿಷ್ಟು ಅಂಕವೆಂದು ಲೆಕ್ಕ ಹಾಕಿ ಕೂಡಿಸಿ, ಆ ಮೊತ್ತದ ಮೇಲೆ ಕೊನೆಯ ದಾರಿಗಳು ತೆರೆಯುವಂತೆ ಮಾಡಲಾಗಿತ್ತು. ಗೆಳೆತನ ಅಂಕಪಟ್ಟಿಯ ಒಂದು ಸಾಲಾಯಿತು. ಎರಡು, ಮಗುವಿನ ವಾದವೇ ಕಥೆಗೆ ವಿರುದ್ಧ. ಕ್ವೇರಿಯನ್ ಎಂಬ ಜೀವಿಗಳಿಗೂ ಅವರೇ ಸೃಷ್ಟಿಸಿದ ಗೆತ್ ಎಂಬ ಯಂತ್ರಗಳಿಗೂ ಇದ್ದ ಹಗೆಯನ್ನು ತೀರಿಸಿ ರಾಜಿ ಮಾಡಿಸಲು ಆಟಗಾರನಿಗೆ ಅದೇ ಭಾಗದಲ್ಲಿ ಅವಕಾಶವಿತ್ತು. ರಾಜಿ ಮಾಡಿಸಿ ಬಂದವನ ಮುಂದೆ ನಿಂತು ಜೀವಿಗೂ ಯಂತ್ರಕ್ಕೂ ಎಂದೂ ಆಗಿಬರದು ಎಂದರೆ, ಆ ಮಾತನ್ನು ಎತ್ತಿ ಹೇಳುವುದಕ್ಕಾದರೂ ಅವಕಾಶ ಬೇಡವೇ? ಮೂರು, ಜೊತೆಗಾರರು ಏನಾದರು, ಗ್ರಹಗಳು ಉಳಿದವೇ ಎಂಬುದಕ್ಕೆ ಉತ್ತರವೇ ಇರಲಿಲ್ಲ.

ದೂರು, ದೇಣಿಗೆ, ವಾದ

ಪ್ರತಿಭಟನೆ ಹಲವು ರೂಪ ತಳೆಯಿತು. ಮುಕ್ತಾಯ ಬದಲಿಸಬೇಕೆಂದು ಒತ್ತಾಯಿಸುವ ಗುಂಪೊಂದು ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆ ಒದಗಿಸುವ ಚೈಲ್ಡ್ಸ್ ಪ್ಲೇ ಎಂಬ ಸೇವಾಸಂಸ್ಥೆಗೆ ದೇಣಿಗೆ ಎತ್ತಿತು. ತಾವು ಬರಿಯ ಗೊಣಗುವವರಲ್ಲ ಎಂದು ತೋರಿಸುವುದು ಅವರ ಉದ್ದೇಶ. 80,000 ಡಾಲರಿಗೂ ಹೆಚ್ಚು ಹಣ ಕೂಡಿತು. ಆದರೆ ಈ ಹಣದಿಂದ ಹೊಸ ಮುಕ್ತಾಯ ತಯಾರಾಗುತ್ತದೆ ಎಂದು ಕೆಲವರು ತಪ್ಪು ತಿಳಿದದ್ದರಿಂದ ಸಂಗ್ರಹ ನಿಲ್ಲಿಸಬೇಕಾಯಿತು. ಆಟಗಾರನೊಬ್ಬ ಜಾಹೀರಾತಿನಲ್ಲಿ ಹೇಳಿದ್ದು ಸಿಗಲಿಲ್ಲವೆಂದು ಅಮೆರಿಕದ ಫೆಡರಲ್ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟ. ಬ್ರಿಟನ್ನಿನಲ್ಲಿ ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆಯ ಮುಂದೂ ದೂರು ಹೋಯಿತು. ಜಾಹೀರಾತು ದಾರಿ ತಪ್ಪಿಸುವಂತಿರಲಿಲ್ಲ ಎಂದು ಆ ಸಂಸ್ಥೆ 2012ರ ಜೂನ್‌ನಲ್ಲಿ ತೀರ್ಮಾನಿಸಿತು.

ಇತ್ತ ಕಂಪನಿಯ ಪರವಾಗಿಯೂ ವಾದವಿತ್ತು. ವಿಡಿಯೊ ಗೇಮ್ ಒಂದು ಕಲೆ ಎಂಬ ವಾದಕ್ಕೆ ಆ ಹೊತ್ತಿನಲ್ಲಿ ಬಲ ಬರುತ್ತಿತ್ತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿ ವಿಡಿಯೊ ಗೇಮ್ ಕಲೆಯ ಪ್ರದರ್ಶನ ಆರಂಭವಾದದ್ದೂ ಅದೇ ಮಾರ್ಚ್ 16ರಂದು. ಕಲೆ ಎಂದ ಮೇಲೆ ಕಲಾವಿದನ ಮಾತೇ ಕೊನೆಯ ಮಾತು, ಗಿರಾಕಿಗೆ ಇಷ್ಟವಾಗಲಿಲ್ಲವೆಂದು ಚಿತ್ರದ ಬಣ್ಣ ಬದಲಿಸಲಾಗುತ್ತದೆಯೇ ಎಂದು ಹಲವರು ಕೇಳಿದರು.

ಹಳೆಯ ಜಗಳ

ಕಲೆಯ ಚರಿತ್ರೆ ನೋಡಿದರೆ ಬಣ್ಣ ಬದಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಶೇಕ್ಸ್‌ಪಿಯರನ ಲಿಯರ್ ಮಹಾರಾಜನ ದುರಂತ ಅತಿಯಾಯಿತೆಂದು ನಹಮ್ ಟೇಟ್ ಎಂಬ ಕವಿ 1681ರಲ್ಲಿ ಅದಕ್ಕೆ ಸುಖಾಂತ ಬರೆದ. ಅದರಲ್ಲಿ ಕಾರ್ಡೀಲಿಯ ಸಾಯುವುದಿಲ್ಲ, ಅವಳಿಗೆ ಮದುವೆಯಾಗುತ್ತದೆ. 1838ರಲ್ಲಿ ನಟ ಮೆಕ್ರೆಡಿ ಮೂಲ ನಾಟಕವನ್ನು ರಂಗಕ್ಕೆ ತರುವವರೆಗೆ, ಒಂದೂವರೆ ಶತಮಾನ ಇಂಗ್ಲೆಂಡಿನ ಪ್ರೇಕ್ಷಕರು ಹೆಚ್ಚಾಗಿ ನೋಡಿದ್ದು ಟೇಟನ ಲಿಯರನ್ನೇ. ಡಿಕನ್ಸ್ 1861ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕೊನೆಯನ್ನು ಅಚ್ಚಿಗೆ ಮೊದಲೇ ಗೆಳೆಯ ಬುಲ್ವರ್ ಲಿಟ್ಟನ್ನನ ಮಾತು ಕೇಳಿ ಬದಲಿಸಿದ. ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ನೂಕಿದಾಗ ‘ಸ್ಟ್ರಾಂಡ್’ ಪತ್ರಿಕೆಯ 20,000 ಓದುಗರು ಚಂದಾ ನಿಲ್ಲಿಸಿದರೆಂಬ ಮಾತಿದೆ. ಹತ್ತು ವರ್ಷದ ಮೇಲೆ, 1903ರಲ್ಲಿ, ಹೋಮ್ಸ್ ಬದುಕಿ ಬಂದ.

ವಿಡಿಯೊ ಗೇಮ್‌ನಲ್ಲೂ ಇದು ಮೊದಲನೆಯದೇನಲ್ಲ. 2008ರ ‘ಫಾಲ್‌ಔಟ್ 3’ ಆಟದ ಕೊನೆಯಲ್ಲಿ ವಿಕಿರಣ ತುಂಬಿದ ಕೋಣೆಗೆ ಯಾರಾದರೂ ಹೋಗಬೇಕು. ವಿಕಿರಣ ತಾಗದ ಸಂಗಾತಿ ಪಕ್ಕದಲ್ಲೇ ನಿಂತಿದ್ದರೂ ಅವನು ಹೋಗಲು ಒಪ್ಪುತ್ತಿರಲಿಲ್ಲ! ಆಟಗಾರರು ರೇಗಿದರು. 2009ರ ಮೇ ತಿಂಗಳಲ್ಲಿ ಬಂದ ಹೆಚ್ಚುವರಿ ಭಾಗದಲ್ಲಿ ಅವನನ್ನು ಕಳಿಸಲು ಅವಕಾಶವಾಯಿತು, ಕಥೆಯೂ ಮುಂದುವರಿಯಿತು.

ಕವಲೊಡೆಯುವ ಕಷ್ಟ

ಹಾಗಾದರೆ ಬಯೋವೇರ್‌ನವರು ಪ್ರತಿ ಆಯ್ಕೆಗೂ ಬೇರೆ ಬೇರೆ ಮುಕ್ತಾಯ ಏಕೆ ಮಾಡಲಿಲ್ಲ? ಇಲ್ಲಿ ಸ್ವಲ್ಪ ಲೆಕ್ಕವಿದೆ. ಎರಡು ದಾರಿಯಿರುವ ಒಂದು ಆಯ್ಕೆಯಿಂದ ಎರಡು ಕಥೆಗಳಾಗುತ್ತವೆ. ಅಂಥ ಹತ್ತು ಆಯ್ಕೆಗಳಾದರೆ 1,024 ಕಥೆಗಳು. ಇಪ್ಪತ್ತಾದರೆ ಹತ್ತು ಲಕ್ಷ ದಾಟುತ್ತದೆ. ಒಂದೊಂದಕ್ಕೂ ಸಂಭಾಷಣೆ ಬರೆದು, ನಟರಿಂದ ಓದಿಸಿ, ದೃಶ್ಯ ರಚಿಸುವುದು ಯಾವ ಕಂಪನಿಗೂ ಸಾಧ್ಯವಿಲ್ಲ. ಆದ್ದರಿಂದ ಇಂಥ ಆಟಗಳನ್ನು ಬರೆಯುವವರು ಒಂದು ಉಪಾಯ ಹೂಡುತ್ತಾರೆ. ನಡುಗಡ್ಡೆ ಸಿಕ್ಕಾಗ ಹೊಳೆ ಎರಡಾಗಿ ಹರಿದು ಮುಂದೆ ಮತ್ತೆ ಕೂಡಿಕೊಳ್ಳುವಂತೆ, ಕಥೆಯೂ ಒಡೆದು ಕೂಡುತ್ತದೆ. ಸತ್ತವನ ಜಾಗಕ್ಕೆ ಅವನ ತಮ್ಮನೋ ಗೆಳೆಯನೋ ಬಂದು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಾನೆ.

ನಡುವೆ ಇದು ಯಾರಿಗೂ ಅಷ್ಟಾಗಿ ತಿಳಿಯುವುದಿಲ್ಲ. ಈಗ ಕಾಣದ ಫಲ ಮುಂದಿನ ಭಾಗದಲ್ಲಿ ಕಂಡೀತು ಎಂಬ ನಂಬಿಕೆ ಇರುತ್ತದೆ. ಸಾಲವನ್ನು ಮುಂದಿನ ಕಂತಿಗೆ ತಳ್ಳಿದಂತೆ. ಆದರೆ ಕೊನೆಯ ಭಾಗದ ಕೊನೆಯ ದೃಶ್ಯಕ್ಕೆ ಮುಂದಿನ ಕಂತು ಎಂಬುದಿಲ್ಲ. ಐದು ವರ್ಷದ ಬಾಕಿಯೆಲ್ಲ ಒಂದೇ ದಿನ ತೀರಿಸಬೇಕು. ಮಾಸ್ ಎಫೆಕ್ಟ್ ಎಡವಿದ್ದು ಇಲ್ಲಿಯೇ.

ಹೋಮ್ಸನ ಓದುಗರಿಗೂ ಈ ಆಟಗಾರರಿಗೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ಹೋಮ್ಸ್ ಬದುಕುತ್ತಾನೆಂದು ಡಾಯ್ಲ್ ಯಾರಿಗೂ ಮಾತು ಕೊಟ್ಟಿರಲಿಲ್ಲ. ಇಲ್ಲಿ ಕಥೆಯ ಅರ್ಧ ಭಾರವನ್ನು ಆಟಗಾರನ ಹೆಗಲಿಗೇ ಹೊರಿಸಿ, ನೀನು ಹೊತ್ತದ್ದಕ್ಕೆ ಬೆಲೆಯಿದೆ ಎಂದು ಹೇಳಿ ಕರೆತರಲಾಗಿತ್ತು. ಕೆಟ್ಟ ಮುಕ್ತಾಯವನ್ನು ಓದುಗ ಕ್ಷಮಿಸಬಹುದು. ಮಾತು ತಪ್ಪಿದರೆ ಕ್ಷಮಿಸುವುದು ಕಷ್ಟ.

ಮಂಗಳ ಹಾಡಿದ ಮೇಲೆ

ಮಾರ್ಚ್ 21ರಂದು ಬಯೋವೇರ್ ಸ್ಥಾಪಕರಲ್ಲೊಬ್ಬರಾದ ಡಾ. ರೇ ಮುಜೀಕಾ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದರು. ಕೃತಿಯ ಘನತೆಯನ್ನೂ ಅಭಿಮಾನಿಗಳ ಮಾತನ್ನೂ ಸರಿದೂಗಿಸುವುದಾಗಿ ಹೇಳಿದರು. ಜೂನ್ 26ರಿಂದ ವಿಸ್ತೃತ ಮುಕ್ತಾಯವೊಂದು ಉಚಿತವಾಗಿ ದೊರೆಯಿತು. ಅದರಲ್ಲಿ ಮೂರು ದಾರಿಗಳು ಹಾಗೆಯೇ ಇದ್ದವು. ಮಗುವೂ ಇತ್ತು. ಆದರೆ ಶೆಪರ್ಡ್ ಈಗ ಹೆಚ್ಚು ಪ್ರಶ್ನೆ ಕೇಳಬಹುದಿತ್ತು. ದ್ವಾರಗಳು ಪೂರ್ತಿ ನಾಶವಾಗಿಲ್ಲ ಎಂದು ಸ್ಪಷ್ಟವಾಯಿತು. ಯಾರು ಏನಾದರು ಎಂಬುದು ಚಿತ್ರಗಳ ಸಾಲಿನಲ್ಲಿ ಬಂತು. ನಾಲ್ಕನೆಯದೊಂದು ದಾರಿಯೂ ಸೇರಿತು. ಮೂರನ್ನೂ ನಿರಾಕರಿಸಬಹುದು, ಆದರೆ ಆಗ ಈ ಯುಗದವರೆಲ್ಲ ಅಳಿದು, ಅವರು ಬಿಟ್ಟುಹೋದ ತಿಳಿವಿನಿಂದ ಮುಂದಿನ ಯುಗದವರು ಗೆಲ್ಲುತ್ತಾರೆ.

ಎಲ್ಲರಿಗೂ ಸಮಾಧಾನವಾಗಲಿಲ್ಲ. ಆದರೂ ಸಿಟ್ಟು ಬಹಳಮಟ್ಟಿಗೆ ಇಳಿಯಿತು. 2013ರ ಮಾರ್ಚ್‌ನಲ್ಲಿ ‘ಸಿಟಾಡೆಲ್’ ಎಂಬ ಇನ್ನೊಂದು ಹೆಚ್ಚುವರಿ ಭಾಗ ಬಂತು. ಕಥೆಯ ಮುಕ್ತಾಯಕ್ಕೆ ಅದರಿಂದ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಯುದ್ಧದ ನಡುವೆ ಸಂಗಾತಿಗಳೆಲ್ಲ ಶೆಪರ್ಡ್‌ನ ಮನೆಯಲ್ಲಿ ಸೇರಿ ಒಂದು ರಾತ್ರಿ ಹರಟೆ ಹೊಡೆದು, ನಕ್ಕು, ಬೆಳಿಗ್ಗೆ ಎದ್ದು ಹೊರಡುತ್ತಾರೆ. ಮುಕ್ತಾಯವನ್ನು ಬೈದ ಅಭಿಮಾನಿಗಳೇ ಇದನ್ನು ಎದೆಗವಚಿಕೊಂಡರು.

ಅವರಿಗೆ ನಿಜವಾಗಿ ಬೇಕಿದ್ದದ್ದು ಏನು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮಲ್ಲಿ ರಾತ್ರಿಯಿಡೀ ಯಕ್ಷಗಾನ ನಡೆದು, ರಕ್ಕಸ ಸತ್ತು, ಪ್ರಸಂಗ ಮುಗಿದರೂ ಭಾಗವತರು ಹಾಗೆಯೇ ಎದ್ದು ಹೋಗುವುದಿಲ್ಲ. ಮಂಗಳ ಹಾಡುತ್ತಾರೆ. ಕಥೆಗೆ ಅದರಿಂದ ಏನೂ ಸೇರುವುದಿಲ್ಲ. ಚಾಪೆ ಸುತ್ತಿಕೊಂಡು ಮನೆಗೆ ಹೊರಡುವವನಿಗೆ ಮಾತ್ರ ಅದು ಬೇಕು. ಎಡ್ಮಂಟನ್ನಿಗೆ ಕೇಕು ಕಳಿಸಿದವರಲ್ಲಿ ಅನೇಕರಿಗೆ ಮೊದಲ ಸಲ ಸಿಗದೆ ಹೋದದ್ದು ಇದು.

ಮೂರೂ ಭಾಗಗಳನ್ನು ಹೊಸದಾಗಿ ತಿದ್ದಿ 2021ರ ಮೇ ತಿಂಗಳಲ್ಲಿ ಒಟ್ಟಿಗೆ ಹೊರತರಲಾಯಿತು. ಅದರಲ್ಲಿರುವುದು ವಿಸ್ತೃತ ಮುಕ್ತಾಯವೇ, ‘ಸಿಟಾಡೆಲ್’ ಕೂಡ ಜೊತೆಗಿದೆ. ಇಂದು ಹೊಸದಾಗಿ ಆಡುವವರಿಗೆ ಆ ಕೇಕುಗಳ ಕಥೆಯನ್ನು ಯಾರಾದರೂ ಹೇಳಬೇಕು. ಹೇಳದಿದ್ದರೆ, ತಾವು ನೋಡುತ್ತಿರುವ ಕೊನೆಯಲ್ಲಿ ಸಿಟ್ಟಾದ ಸಾವಿರಾರು ಆಟಗಾರರ ಪಾಲೂ ಇದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.