ಭಾವಚಿತ್ರ ಬಳಕೆಯ ಒಪ್ಪಿಗೆ ಪತ್ರ (ಶಿಕ್ಷಣ)

ಭಾವಚಿತ್ರ ಬಳಕೆಯ ಒಪ್ಪಿಗೆ ಪತ್ರ ಎಂದರೆ ಛಾಯಾಚಿತ್ರದಲ್ಲಿ ಕಾಣಿಸುವ ವ್ಯಕ್ತಿಯು ತನ್ನ ಚಿತ್ರವನ್ನು ನಿರ್ದಿಷ್ಟ ಉದ್ದೇಶಕ್ಕೆ ಬಳಸಲು ನೀಡುವ ಲಿಖಿತ ಅನುಮತಿ. ಇದು ಕೃತಿಸ್ವಾಮ್ಯದಿಂದ ಭಿನ್ನವಾದುದು. ಕೃತಿಸ್ವಾಮ್ಯವು ಸಾಮಾನ್ಯವಾಗಿ ಚಿತ್ರ ತೆಗೆದವರದು. ಒಪ್ಪಿಗೆ ನೀಡುವ ಅಧಿಕಾರ ಚಿತ್ರದಲ್ಲಿರುವವರದು. ಶಾಲೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿಯುವುದುಂಟು.

ಬೋಧನೆ ಮತ್ತು ಕೃತಿಸ್ವಾಮ್ಯ

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ 52ನೇ ಕಲಂ ಯಾವ ಬಳಕೆಗಳು ಉಲ್ಲಂಘನೆಯಲ್ಲ ಎಂಬುದನ್ನು ಪಟ್ಟಿ ಮಾಡುತ್ತದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡುವ ಪ್ರತಿ, ಪರೀಕ್ಷೆಯ ಪ್ರಶ್ನೆ ಹಾಗೂ ಉತ್ತರಗಳಲ್ಲಿನ ಬಳಕೆ ಇದರಲ್ಲಿ ಸೇರಿವೆ. ದೆಹಲಿ ವಿಶ್ವವಿದ್ಯಾನಿಲಯದ ನೆರಳಚ್ಚು ಅಂಗಡಿಯೊಂದರ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶನ ಸಂಸ್ಥೆಗಳು ಹೂಡಿದ್ದ ಮೊಕದ್ದಮೆಯಲ್ಲಿ, ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ಈ ವಿನಾಯಿತಿ ತರಗತಿಯ ನಾಲ್ಕು ಗೋಡೆಗಳಿಗಷ್ಟೇ ಸೀಮಿತವಲ್ಲ ಎಂದು ಅರ್ಥೈಸಿತು. ಆದರೆ ವಿನಾಯಿತಿ ಇರುವುದು ಬೋಧನೆಗೆ, ಶಾಲೆಯ ಪ್ರಚಾರಕ್ಕಲ್ಲ.

ಚಿತ್ರದಲ್ಲಿರುವವರ ಹಕ್ಕು

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಶಾಲೆಯೊಂದು ಮಕ್ಕಳನ್ನು ದರಿಯಾ ದೌಲತ್‌ಗೆ ಕರೆದೊಯ್ದು, ಹಣ ಕೊಟ್ಟು ಗುಂಪುಚಿತ್ರ ತೆಗೆಸಿತು ಎಂದು ಇಟ್ಟುಕೊಳ್ಳೋಣ. 1784ರ ಆ ಅರಮನೆಗೆ ಕೃತಿಸ್ವಾಮ್ಯದ ತೊಡಕಿಲ್ಲ. ಕಟ್ಟಡ ಹೊಸದೇ ಆಗಿದ್ದರೂ ಅದರ ಛಾಯಾಚಿತ್ರ ತೆಗೆಯಲು 52ನೇ ಕಲಂ ಅಡ್ಡಿಯಾಗದು. ಬೇರೆ ಕರಾರಿಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದ ಶಾಲೆಯೇ ಚಿತ್ರದ ಮೊದಲ ಒಡೆಯ. ಇಷ್ಟೆಲ್ಲ ಇದ್ದರೂ ದಾಖಲಾತಿಯ ಫ್ಲೆಕ್ಸ್‌ನಲ್ಲಿ ಆ ಮಕ್ಕಳ ಮುಖ ಅಚ್ಚು ಹಾಕಲು ಒಪ್ಪಿಗೆಯನ್ನು ಬೇರೆಯಾಗಿಯೇ ಪಡೆಯಬೇಕು. ವ್ಯಕ್ತಿಯ ಹೆಸರು ಅಥವಾ ರೂಪವನ್ನು ಸಮ್ಮತಿಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1994ರ ರಾಜಗೋಪಾಲ್ ಪ್ರಕರಣದಲ್ಲಿ ಗುರುತಿಸಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಮಕ್ಕಳ ವಿಷಯದಲ್ಲಿ

ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲವಾದ್ದರಿಂದ ವಿದ್ಯಾರ್ಥಿಯ ಸಹಿ ಮಾತ್ರ ಸಾಲದು. ತಂದೆ, ತಾಯಿ ಅಥವಾ ಪಾಲಕರ ಸಹಿ ಅಗತ್ಯ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಕೂಡ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲನಾರ್ಹ ಸಮ್ಮತಿಯನ್ನು ವಿಧಿಸಿ, ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನೂ ನೀಡುತ್ತದೆ. ದಾಖಲಾತಿ ಅರ್ಜಿಯ ಕೊನೆಯಲ್ಲಿ ಎಲ್ಲ ಬಳಕೆಗೂ ಸೇರಿಸಿ ಪಡೆಯುವ ಒಂದು ಸಾಲಿನ ಒಪ್ಪಿಗೆ ಅಷ್ಟೇನೂ ಭದ್ರವಲ್ಲ. ಚಿತ್ರ ಎಲ್ಲಿ, ಎಷ್ಟು ಕಾಲ, ಯಾತಕ್ಕೆ ಬಳಕೆಯಾಗುತ್ತದೆ, ಹೆಸರನ್ನೂ ಹಾಕಲಾಗುವುದೇ, ನಿರಾಕರಿಸಲು ಅವಕಾಶವಿದೆಯೇ ಎಂಬುದು ಪತ್ರದಲ್ಲಿ ಸ್ಪಷ್ಟವಿರಬೇಕು. ಮುದ್ರಿತವಾದ ಸ್ಮರಣ ಸಂಚಿಕೆಯನ್ನು ಹಿಂದಕ್ಕೆ ಪಡೆಯುವುದು ಕಷ್ಟ; ಜಾಲತಾಣದ ಚಿತ್ರವನ್ನು ತೆಗೆದುಹಾಕುವುದು ಸುಲಭ.

ಪೋಷಕರು ಸಹಿ ಮಾಡಿದರೂ ಸಾಲದ ಸಂದರ್ಭವೂ ಇದೆ. ಬಾಲನ್ಯಾಯ ಅಧಿನಿಯಮ, 2015ರ 74ನೇ ಕಲಂ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಹಾಗೂ ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಮಗು ಓದುವ ಶಾಲೆಯ ಹೆಸರೂ ಈ ನಿಷೇಧಕ್ಕೆ ಒಳಪಟ್ಟಿದೆ.